ಗಾಯ ಮಾಯುವ ಮುನ್ನ ಸಹಿ ಬೇಡ, ಮಾಯ್ದ ಮೇಲೆ ಹಠ ಬೇಡ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದ ಮೇಲೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಮೊದಲು ನನಗೆ, ಆಮೇಲೆ ನಿಮಗೆ ತಖ್ವಾದ ಉಪದೇಶ ಮಾಡುತ್ತೇನೆ. ನಮಾಝ್‌ನಲ್ಲಿ ಅಲ್ಲಾಹನನ್ನು ಭಯಪಡುವವನು ಕೋರ್ಟಿನ ಕಟಕಟೆಯಲ್ಲೂ, ವಕೀಲರ ಕಚೇರಿಯಲ್ಲೂ, ಸಹಿ ಹಾಕುವ ಕಾಗದದ ಮುಂದೆಯೂ ಅವನನ್ನು ಭಯಪಡಬೇಕು.

ಪ್ರಿಯ ಸಹೋದರರೇ, ಈ ವಾರ ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. ಟೈಲ್ಸ್ ಕೆಲಸ ಮಾಡುವ ಒಬ್ಬ ಯುವಕ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಮದುವೆಗೆ ಹೊರಟಿದ್ದ. ಹೆದ್ದಾರಿಯಲ್ಲಿ ಲಾರಿ ಡಿಕ್ಕಿ ಹೊಡೆಯಿತು. ಬಲಗಾಲಿನ ಮೂಳೆ ಮುರಿದು ರಾಡ್ ಹಾಕಿದ್ದಾರೆ. ನಾಲ್ಕನೆಯ ದಿನ ಲಾರಿ ಕಡೆಯವರು ಆಸ್ಪತ್ರೆಗೇ ಬಂದರು. ಅರವತ್ತು ಸಾವಿರ ರೂಪಾಯಿ ಕೊಡುತ್ತೇವೆ, ಈ ಛಾಪಾ ಕಾಗದಕ್ಕೆ ಸಹಿ ಹಾಕಿ, ಮುಂದೆ ಯಾವ ತಕರಾರೂ ಬೇಡ ಎಂದರು. ಮನೆಯಲ್ಲಿ ಎರಡು ಅಭಿಪ್ರಾಯ. ತಂದೆ, “ಅಲ್ಲಾಹನ ವಿಧಿ, ಬಂದದ್ದನ್ನು ತೆಗೆದುಕೊಂಡು ಮುಗಿಸೋಣ” ಎನ್ನುತ್ತಾರೆ. ಭಾವ, “ಐವತ್ತು ಲಕ್ಷಕ್ಕೆ ಕೇಸು ಹಾಕೋಣ, ಎಷ್ಟು ವರ್ಷವಾದರೂ ಸರಿ” ಎನ್ನುತ್ತಾನೆ. ಇವರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದರು.

ಇಂಥ ಪ್ರಶ್ನೆ ಈ ಊರಿನ ಒಂದು ಮನೆಯದಲ್ಲ. ಹೆದ್ದಾರಿಯಲ್ಲಿ ನಿತ್ಯ ಓಡಾಡುವವರು ನಾವು. ನಮ್ಮಲ್ಲಿ ಲಾರಿ ಓಡಿಸುವವರಿದ್ದಾರೆ, ಲಾರಿ ಇಟ್ಟುಕೊಂಡವರಿದ್ದಾರೆ, ಟ್ಯಾಕ್ಸಿ ಚಾಲಕರಿದ್ದಾರೆ. ಇಂದು ಗಾಯಾಳುವಿನ ಕಡೆ ಇರುವವರು ನಾಳೆ ಮಾಲಕರ ಕಡೆ ಇರಬಹುದು. ಆದ್ದರಿಂದ ಎರಡೂ ಕಡೆಯವರು ಕೇಳಬೇಕಾದ ಮಾತಿದು.

ಪರಿಹಾರ ಕೇಳುವುದು ವಿಧಿಗೆ ವಿರೋಧವಲ್ಲ

ಮೊದಲಿಗೆ ತಂದೆಯ ಮಾತು. ಅಪಘಾತ ಅಲ್ಲಾಹನ ವಿಧಿ ಎನ್ನುವುದು ನಮ್ಮ ವಿಶ್ವಾಸ. ಆದರೆ ಆ ವಿಧಿಯನ್ನು ನಂಬಲು ಕಲಿಸಿದ ಪ್ರವಾದಿಯವರೇ(ಸ) ಗಾಯಕ್ಕೆ ಪರಿಹಾರವನ್ನೂ ನಿಗದಿಪಡಿಸಿದ್ದಾರೆ. ಯಮನ್‌ಗೆ ಹೋದ ಅಮ್ರ್ ಬಿನ್ ಹಝ್ಮ್(ರ)ರಿಗೆ ಬರೆಸಿಕೊಟ್ಟ ಪತ್ರದಲ್ಲಿ ಅದರ ಲೆಕ್ಕವಿದೆ. ಒಂದು ಜೀವಕ್ಕೆ ನೂರು ಒಂಟೆ. ಒಂದು ಕಣ್ಣಿಗೆ ಐವತ್ತು, ಒಂದು ಕೈಗೆ ಐವತ್ತು. ಒಂದು ಬೆರಳಿಗೆ ಹತ್ತು. ಒಂದು ಹಲ್ಲಿಗೆ ಐದು. ಮೂಳೆ ಕಾಣುವಷ್ಟು ಆಳದ ಗಾಯಕ್ಕೂ ಐದು. ಜೀವಕ್ಕೆ ಕೊಡುವುದನ್ನು ದಿಯತ್ ಎಂದೂ ಗಾಯಕ್ಕೆ ಕೊಡುವುದನ್ನು ಅರ್ಶ್ ಎಂದೂ ಫಿಕ್ಹ್‌ನ ಗ್ರಂಥಗಳು ಕರೆಯುತ್ತವೆ. ಹಲ್ಲಿಗೂ ಬೆರಳಿಗೂ ಲೆಕ್ಕ ಬರೆಸಿದ ಧರ್ಮ, ಕಾಲು ಕಳೆದುಕೊಂಡವನಿಗೆ ಸುಮ್ಮನಿರು ಎನ್ನುತ್ತದೆಯೇ?

ಆ ಪರಿಹಾರದ ಭಾರವನ್ನು ತಪ್ಪು ಮಾಡಿದವನೊಬ್ಬನ ಮೇಲೆಯೇ ಹೊರಿಸಲಿಲ್ಲ ಎಂಬುದನ್ನೂ ಗಮನಿಸಿ. ಉದ್ದೇಶಪೂರ್ವಕವಲ್ಲದ ಕೊಲೆಗೆ ದಿಯತ್ತನ್ನು ಅವನ ಆಕಿಲಾ, ಅಂದರೆ ತಂದೆಯ ಕಡೆಯ ಬಂಧುಬಳಗ, ಎಲ್ಲರೂ ಸೇರಿ ಕೊಡಬೇಕಿತ್ತು. ನಷ್ಟವನ್ನು ಹಲವರು ಹಂಚಿಕೊಂಡರೆ ನೊಂದವನಿಗೂ ಸಿಗುತ್ತದೆ, ತಪ್ಪಿದವನೂ ಬೀದಿಗೆ ಬೀಳುವುದಿಲ್ಲ. ಇಂದು ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿದೆ. ವಿಮೆಯ ಬಗ್ಗೆ ಉಲಮಾಗಳ ಚರ್ಚೆ ಬೇರೆಯೇ ಇದೆ. ಆದರೆ ಲಾರಿಯ ವಿಮಾ ಕಂಪೆನಿ ಗಾಯಾಳುವಿಗೆ ಕೊಡಬೇಕಾದದ್ದು ದಾನವಲ್ಲ, ಕಾನೂನಿನ ಬಾಧ್ಯತೆ.

ಹಾಗಾದರೆ ಕ್ಷಮೆ? ಕ್ಷಮಿಸಿ ಸಂಧಾನ ಮಾಡಿಕೊಂಡವನ ಪ್ರತಿಫಲ ಅಲ್ಲಾಹನ ಮೇಲಿದೆ ಎಂದು ಸೂರಃ ಅಶ್ಶೂರಾದ 40ನೆಯ ವಚನದ ಆಶಯ. ಆದರೆ ಕ್ಷಮಿಸುವ ಹಕ್ಕು ಗಾಯಗೊಂಡವನದು. ತಂದೆಯದಲ್ಲ, ಅಣ್ಣನದಲ್ಲ, ಜಮಾಅತ್ ಅಧ್ಯಕ್ಷರದೂ ಅಲ್ಲ. ಹಾಸಿಗೆಯಲ್ಲಿ ಮಲಗಿದವನ ಸುತ್ತ ಹತ್ತು ಜನ ನಿಂತು “ಬಿಟ್ಟುಬಿಡು” ಎಂದು ಹೇಳಿಸಿದ ಮಾತು ಕ್ಷಮೆಯಲ್ಲ. ಚಾಲಕನ ಮೇಲಿನ ಸಿಟ್ಟನ್ನು ಬಿಡಿ, ಅವನಿಗಾಗಿ ದುಆ ಮಾಡಿ. ಅದಕ್ಕಾಗಿ ಹೆಂಡತಿ ಮಕ್ಕಳ ಅನ್ನದ ದಾರಿಯನ್ನೂ ಬಿಟ್ಟುಕೊಡಬೇಕಾಗಿಲ್ಲ.

ಗಾಯ ಮಾಯುವವರೆಗೆ ಕಾಯಿರಿ

ಈಗ ನಾಲ್ಕನೆಯ ದಿನದ ಅರವತ್ತು ಸಾವಿರದ ವಿಷಯ. ಅಹ್ಮದ್ ಮತ್ತು ದಾರಕುತ್ನೀಯಲ್ಲಿ ಒಂದು ವರದಿಯಿದೆ. ಒಬ್ಬನ ಮೊಣಕಾಲಿಗೆ ಇನ್ನೊಬ್ಬ ಕೊಂಬಿನಿಂದ ತಿವಿದ. ಗಾಯಗೊಂಡವನು ಪ್ರವಾದಿಯವರಲ್ಲಿಗೆ(ಸ) ಬಂದು ಕೂಡಲೇ ಪ್ರತೀಕಾರ ಕೊಡಿಸಿ ಎಂದ. ಗಾಯ ಮಾಯುವವರೆಗೆ ಕಾಯಲು ಪ್ರವಾದಿಯವರು(ಸ) ಹೇಳಿದರು. ಅವನು ಕೇಳಲಿಲ್ಲ, ಮತ್ತೆ ಬಂದು ಒತ್ತಾಯಿಸಿದ, ಕೊಡಿಸಿದ್ದಾಯಿತು. ಕೆಲವು ಸಮಯದ ಬಳಿಕ ಅವನು ಕುಂಟುತ್ತಾ ಬಂದ. ತಾನು ತಡೆದಿದ್ದೆನಲ್ಲ, ನೀನೇ ಕೇಳಲಿಲ್ಲ ಎಂದು ಪ್ರವಾದಿಯವರು(ಸ) ನೆನಪಿಸಿದರು. ಕುಂಟಾದದ್ದಕ್ಕೆ ಆಮೇಲೆ ಅವನಿಗೆ ಏನೂ ಸಿಗಲಿಲ್ಲ. ಗಾಯಾಳು ಗುಣವಾಗುವ ಮೊದಲು ಗಾಯದ ಲೆಕ್ಕ ತೀರಿಸಬಾರದು ಎಂದು ಆ ಬಳಿಕ ತಡೆದರು. ಈ ವರದಿಯ ಸನದಿನ ಬಗ್ಗೆ ಹದೀಸ್ ವಿದ್ವಾಂಸರ ಮಾತುಗಳಿವೆ. ಆದರೆ ಅದರ ಹಿಂದಿನ ವಿವೇಕವನ್ನು ಫಿಕ್ಹ್ ವಿದ್ವಾಂಸರಲ್ಲಿ ಹೆಚ್ಚಿನವರು ಸ್ವೀಕರಿಸಿದ್ದಾರೆ.

ಆ ಯುವಕನ ಕಾಲನ್ನು ನೋಡಿ. ನಾಲ್ಕನೆಯ ದಿನ ಅದು ಮುರಿದ ಮೂಳೆ ಮಾತ್ರ. ಆರು ತಿಂಗಳ ಬಳಿಕ ಮೊಣಕಾಲು ಮಡಚುತ್ತದೋ ಇಲ್ಲವೋ, ರಾಡ್ ತೆಗೆಯಲು ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೋ, ಸೋಂಕು ತಗಲುತ್ತದೋ ಎನ್ನುವುದು ಅಂದು ಡಾಕ್ಟರಿಗೂ ತಿಳಿದಿರುವುದಿಲ್ಲ. ತಿಳಿಯದ ವಸ್ತುವಿಗೆ ಬೆಲೆ ಕಟ್ಟಿ ಮಾರುವುದನ್ನು ವ್ಯಾಪಾರದಲ್ಲಿ ಗರರ್ ಎಂದು ತಡೆಯಲಾಗಿದೆ. ತನ್ನ ಕಾಲಿನ ವಿಷಯದಲ್ಲಿ ಅದನ್ನೇ ಮಾಡುವುದು ಬುದ್ಧಿವಂತಿಕೆಯೇ?

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ. ಕಾಯುವ ಕಾಲದಲ್ಲಿ ಮಾಡಬೇಕಾದ ಕೆಲಸಗಳಿವೆ. ಪೊಲೀಸ್ ದೂರು ದಾಖಲಾಗಲಿ. “ಎಫ್‌ಐಆರ್ ಬೇಡ, ನಾವೇ ನೋಡಿಕೊಳ್ಳುತ್ತೇವೆ” ಎಂಬ ಮಾತಿಗೆ ಮರುಳಾಗಬೇಡಿ. ಪೊಲೀಸರು ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಪ್ರಕರಣ ಬೇರೆ, ನಿಮ್ಮ ಪರಿಹಾರದ ಅರ್ಜಿ ಬೇರೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕೆಂಬ ನಿಯಮ 2019ರ ತಿದ್ದುಪಡಿಯಿಂದ ಬಂದು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಅರ್ಜಿಗೆ ತಡ ಮಾಡಬೇಡಿ. ಅರ್ಜಿ ಬೇಗ ಹಾಕಿ, ರಾಜಿಯ ಸಹಿಯನ್ನು ಮಾತ್ರ ತಡೆಹಿಡಿಯಿರಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಔಷಧಿ ಅಂಗಡಿಯ ಚೀಟಿ, ಆಟೋ ಬಾಡಿಗೆಯ ಲೆಕ್ಕ, ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಆರಂಭದ ಚಿಕಿತ್ಸೆಗೆ 2025ರಲ್ಲಿ ಬಂದ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ಅದನ್ನು ಕೇಳಿ.

ಬಿಡುವುದು ಎಷ್ಟೆಂದು ತಿಳಿದು ಬಿಡಿ

ಸಂಧಾನವೆಂದರೆ ತನ್ನ ಹಕ್ಕಿನ ಒಂದು ಭಾಗವನ್ನು ಬಿಡುವುದು. ಹಕ್ಕು ಎಷ್ಟೆಂದೇ ತಿಳಿಯದವನು ಬಿಡುವುದಾದರೂ ಏನನ್ನು? ನ್ಯಾಯಮಂಡಳಿಗಳು ಲೆಕ್ಕ ಹಾಕುವ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ.

ಶಾಶ್ವತ ನ್ಯೂನತೆಯನ್ನು ಅಳೆಯುವ ಬಗೆಯನ್ನು ಸುಪ್ರೀಂ ಕೋರ್ಟ್ 2010ರ ಒಂದು ತೀರ್ಪಿನಲ್ಲಿ ವಿವರಿಸಿದೆ. ಡಾಕ್ಟರರು ಬರೆಯುವ ಶೇಕಡಾವಾರು ಅಂಗದ್ದು. ನ್ಯಾಯಮಂಡಳಿ ನೋಡಬೇಕಾದದ್ದು ಆ ನ್ಯೂನತೆಯಿಂದ ಅವನ ದುಡಿಮೆ ಎಷ್ಟು ಕಡಿಮೆಯಾಯಿತು ಎಂಬುದನ್ನು. ಮೇಜಿನ ಮುಂದೆ ಕುಳಿತು ಬರೆಯುವ ಗುಮಾಸ್ತನಿಗೆ ಮೊಣಕಾಲು ಮಡಚದಿದ್ದರೆ ಸಂಬಳ ನಿಲ್ಲುವುದಿಲ್ಲ. ದಿನವಿಡೀ ಕುಕ್ಕರಗಾಲಿನಲ್ಲಿ ಕುಳಿತು ಟೈಲ್ಸ್ ಕೂರಿಸುವವನಿಗೆ ಅದೇ ಗಾಯ ಉದ್ಯೋಗವನ್ನೇ ಕಸಿಯಬಹುದು. ಸುಜೂದ್‌ಗೆ ಬಾಗಲಾಗದೆ ಕುರ್ಚಿಯಲ್ಲಿ ನಮಾಝ್ ಮಾಡುವವನು ನೆಲದ ಮೇಲೆ ಟೈಲ್ಸ್ ಹೇಗೆ ಕೂರಿಸಿಯಾನು?

ಒಂದು ಉದಾಹರಣೆ ಹೇಳುತ್ತೇನೆ. ವಯಸ್ಸು 33, ತಿಂಗಳ ದುಡಿಮೆ 15,000 ರೂಪಾಯಿ, ದುಡಿಯುವ ಶಕ್ತಿಯಲ್ಲಿ ಶೇ. 30 ನಷ್ಟ ಎಂದಿಟ್ಟುಕೊಳ್ಳಿ. ವರ್ಷದ ದುಡಿಮೆ 1,80,000. ಅದರ ಶೇ. 30 ಎಂದರೆ 54,000. 31ರಿಂದ 35ರ ವಯಸ್ಸಿಗೆ ಸುಪ್ರೀಂ ಕೋರ್ಟ್ ಒಪ್ಪಿದ ಗುಣಕ 16. ಆಗ 8,64,000 ರೂಪಾಯಿ. ಸ್ವಂತ ದುಡಿಮೆಯ, ನಲವತ್ತರ ಒಳಗಿನವನಿಗೆ ಮುಂದಿನ ಏಳಿಗೆಗಾಗಿ ಆದಾಯಕ್ಕೆ ಶೇ. 40 ಸೇರಿಸುವ ಕ್ರಮವಿದೆ. ಅದನ್ನೂ ಸೇರಿಸಿದರೆ 12,09,600. ಇದಕ್ಕೆ ಆಸ್ಪತ್ರೆಯ ಖರ್ಚು, ಮುಂದಿನ ಚಿಕಿತ್ಸೆ, ಮಲಗಿದ್ದ ತಿಂಗಳುಗಳ ದುಡಿಮೆ, ನೋವು ಮತ್ತು ಸಂಕಟದ ಪರಿಹಾರ ಬೇರೆ. ಈಗ ಅರವತ್ತು ಸಾವಿರವನ್ನು ಪಕ್ಕದಲ್ಲಿಟ್ಟು ನೋಡಿ. ಭಾವ ಹೇಳಿದ ಐವತ್ತು ಲಕ್ಷವನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಲೆಕ್ಕದಿಂದ ಎಷ್ಟು ದೂರ!

ಕಾರು ಮತ್ತು ಲಾರಿ ಎರಡರ ತಪ್ಪೂ ಇದ್ದರೆ? ಕಾರಿನಲ್ಲಿ ಸುಮ್ಮನೆ ಕುಳಿತ ಪ್ರಯಾಣಿಕ ಯಾವ ತಪ್ಪನ್ನೂ ಮಾಡಿಲ್ಲ. ಅವನು ಎರಡೂ ಕಡೆಯಿಂದಲೂ ಕೇಳಬಹುದು, ಒಂದೇ ಕಡೆಯಿಂದ ಪೂರ್ತಿಯನ್ನೂ ಕೇಳಬಹುದು. ಅವರ ಪಾಲಿನ ಲೆಕ್ಕ ಅವರಿಗೆ ಬಿಟ್ಟದ್ದು. ಆದರೆ ಕಾರು ಓಡಿಸುತ್ತಿದ್ದವನೇ ಅರ್ಜಿದಾರನಾಗಿದ್ದು ಅವನ ತಪ್ಪು ಶೇ. 25 ಎಂದು ಸಿದ್ಧವಾದರೆ, ಹತ್ತು ಲಕ್ಷದ ಪರಿಹಾರ ಏಳೂವರೆ ಲಕ್ಷಕ್ಕೆ ಇಳಿಯುತ್ತದೆ.

ಸುಳ್ಳಿನ ರೂಪಾಯಿ ಬೆಂಕಿಯ ತುಂಡು

ಇಲ್ಲಿ ಒಂದು ಕಠಿಣ ಮಾತನ್ನು ಹೇಳಲೇಬೇಕು. “ಕಂಪೆನಿಯ ದುಡ್ಡು ತಾನೇ” ಎಂಬ ಮಾತು ನಮ್ಮ ಬಾಯಲ್ಲೂ ಬರುತ್ತದೆ. ಮಡಚುವ ಕಾಲನ್ನು ಮಡಚುವುದಿಲ್ಲ ಎನ್ನುವುದು, ತೆಗೆದುಕೊಳ್ಳದ ಔಷಧಿಯ ಬಿಲ್ಲು ಇಡುವುದು, ಹದಿನೈದು ಸಾವಿರದ ದುಡಿಮೆಗೆ ನಲವತ್ತು ಸಾವಿರದ ಸಂಬಳ ಚೀಟಿ ಬರೆಸುವುದು, ಸ್ಥಳದಲ್ಲೇ ಇಲ್ಲದವನನ್ನು ಸಾಕ್ಷಿ ಮಾಡುವುದು. ಲಾರಿ ಕಡೆಯಲ್ಲಿ ಇನ್ನೊಂದು ಬಗೆ. ಓಡಿಸಿದವನಿಗೆ ಲೈಸೆನ್ಸ್ ಇಲ್ಲವೆಂದು ಲೈಸೆನ್ಸ್ ಇರುವ ಬೇರೊಬ್ಬನನ್ನು ಚಾಲಕನೆಂದು ನಿಲ್ಲಿಸುವುದು.

ಇವೆಲ್ಲವೂ ಸುಳ್ಳು ಸಾಕ್ಷ್ಯ. ಪ್ರವಾದಿಯವರು(ಸ) ಮಹಾಪಾಪಗಳ ಸಾಲಿನಲ್ಲಿ ಇದನ್ನು ಎಣಿಸಿದ್ದಾರೆ. ಉಮ್ಮು ಸಲಮಾ(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಹದೀಸನ್ನು ಎಲ್ಲ ಕಕ್ಷಿದಾರರೂ ಕೋರ್ಟಿಗೆ ಹೊರಡುವ ಮುನ್ನ ನೆನೆಯಬೇಕು. ವಾದದಲ್ಲಿ ಜಾಣನಾದವನ ಮಾತು ಕೇಳಿ ತಾನು ಅವನ ಪರ ತೀರ್ಪು ಕೊಟ್ಟರೂ, ಅದು ಸಹೋದರನ ಹಕ್ಕಾಗಿದ್ದರೆ ತಾನು ಅವನಿಗೆ ಕತ್ತರಿಸಿ ಕೊಟ್ಟದ್ದು ಬೆಂಕಿಯ ತುಂಡು ಎಂದು ಪ್ರವಾದಿಯವರು(ಸ) ಎಚ್ಚರಿಸಿದರು. ಪ್ರವಾದಿಯವರ(ಸ) ತೀರ್ಪೇ ಹರಾಮನ್ನು ಹಲಾಲ್ ಮಾಡದು ಎಂದಾದರೆ, ಯಾವ ಕೋರ್ಟಿನ ಆದೇಶ ಅದನ್ನು ಹಲಾಲ್ ಮಾಡೀತು? ತನ್ನ ವಿರುದ್ಧವೇ ಆದರೂ, ತಂದೆತಾಯಿಯ ವಿರುದ್ಧವಾದರೂ ಸತ್ಯದ ಸಾಕ್ಷಿಯಾಗಿ ನಿಲ್ಲಬೇಕೆಂಬುದು ಸೂರಃ ಅನ್ನಿಸಾದ 135ನೆಯ ವಚನದ ಆಜ್ಞೆ. ಹಕ್ಕಿನ ಒಂದು ರೂಪಾಯಿಯನ್ನೂ ನಾಚದೆ ಕೇಳಿ. ಹಕ್ಕಲ್ಲದ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಆಸ್ಪತ್ರೆಯ ವಾರ್ಡಿಗೇ ಬಂದು “ಕೇಸು ನಾವು ನೋಡಿಕೊಳ್ಳುತ್ತೇವೆ, ಬಂದದ್ದರಲ್ಲಿ ಇಷ್ಟು ಪಾಲು ಕೊಟ್ಟರೆ ಸಾಕು” ಎನ್ನುವ ದಲ್ಲಾಳಿಗಳಿಂದಲೂ ಜಾಗ್ರತೆ. ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ವಕೀಲರ ಶುಲ್ಕವನ್ನು ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಿ, ಗೊತ್ತುಮಾಡಿದ್ದನ್ನು ತಪ್ಪದೆ ಕೊಡಿ. ವಕೀಲರನ್ನಿಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೂ ಮಕ್ಕಳಿಗೂ ಆದಾಯವನ್ನು ನೋಡದೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಗಾಯ ಮಾಯ್ದ ಮೇಲೆ ಸಂಧಾನವೇ ಒಳಿತು

ಇನ್ನು ಭಾವನ ಮಾತು. ಎಷ್ಟು ವರ್ಷವಾದರೂ ಸರಿ ಎಂಬ ಹಠ. ಸಂಧಾನವೇ ಉತ್ತಮ ಎಂಬ ತತ್ವವನ್ನು ಸೂರಃ ಅನ್ನಿಸಾದ 128ನೆಯ ವಚನ ದಾಂಪತ್ಯದ ಸಂದರ್ಭದಲ್ಲಿ ಹೇಳುತ್ತದೆ, ವಿದ್ವಾಂಸರು ಅದನ್ನು ಎಲ್ಲ ವಿವಾದಗಳಿಗೂ ಅನ್ವಯಿಸಿದ್ದಾರೆ. ಹಲಾಲನ್ನು ಹರಾಮ್ ಮಾಡುವ ಅಥವಾ ಹರಾಮನ್ನು ಹಲಾಲ್ ಮಾಡುವ ಸಂಧಾನದ ಹೊರತು ಉಳಿದ ಸಂಧಾನಗಳೆಲ್ಲ ಸಿಂಧು ಎಂಬ ಆಶಯದ ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ.

ಸಂಧಾನ ಹೇಗಿರಬೇಕೆಂಬುದಕ್ಕೆ ಬುಖಾರಿಯಲ್ಲಿರುವ ಒಂದು ಘಟನೆ ಸಾಕು. ಕಅಬ್ ಬಿನ್ ಮಾಲಿಕ್(ರ) ಮಸೀದಿಯಲ್ಲಿ ಇಬ್ನು ಅಬೀ ಹದ್ರದ್(ರ)ರಿಂದ ಸಾಲ ಕೇಳಿದರು. ಇಬ್ಬರ ದನಿ ಏರಿತು. ಪ್ರವಾದಿಯವರು(ಸ) ಕೋಣೆಯ ಪರದೆ ಸರಿಸಿ ಹೊರಬಂದು, ಅರ್ಧ ಬಿಟ್ಟುಬಿಡು ಎಂದು ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಒಡನೆಯೇ ಪ್ರವಾದಿಯವರು(ಸ) ಇನ್ನೊಬ್ಬರ ಕಡೆ ತಿರುಗಿ, ಎದ್ದು ಸಾಲ ತೀರಿಸು ಎಂದರು. ಒಂದು ಕಡೆಗೆ ಬಿಡಲು ಹೇಳಿದರು, ಇನ್ನೊಂದು ಕಡೆಗೆ ಕೂಡಲೇ ಕೊಡಲು ಹೇಳಿದರು. ನಮ್ಮ ಪಂಚಾಯಿತಿಗಳಲ್ಲಿ ಬಹಳ ಸಲ ಮೊದಲಿನ ಅರ್ಧ ಮಾತ್ರ ನಡೆಯುತ್ತದೆ. ಬಡವನಿಗೆ ಬಿಡು ಎನ್ನುತ್ತೇವೆ, ಉಳ್ಳವನಿಗೆ ಕೊಡು ಎನ್ನಲು ಸಂಕೋಚಪಡುತ್ತೇವೆ. ಕಅಬ್‌ರಿಗೆ ತಮ್ಮ ಸಾಲ ಎಷ್ಟೆಂದು ಪೂರ್ತಿ ಗೊತ್ತಿತ್ತು ಎಂಬುದನ್ನೂ ಮರೆಯಬೇಡಿ.

ಕಾನೂನಿನಲ್ಲಿಯೂ ಸಂಧಾನಕ್ಕೆ ದಾರಿಗಳಿವೆ. ತಿದ್ದುಪಡಿಯಾದ ಕಾಯ್ದೆಯ 149ನೆಯ ಕಲಮಿನಂತೆ ವಿಮಾ ಕಂಪೆನಿ ಒಬ್ಬ ಅಧಿಕಾರಿಯನ್ನು ನೇಮಿಸಿ, ನ್ಯಾಯಮಂಡಳಿಯ ಮುಂದೆಯೇ ಮೊತ್ತವನ್ನು ಹೇಳಬಹುದು. ಅರ್ಜಿದಾರ ಒಪ್ಪಿದರೆ ಅದು ದಾಖಲಾಗಿ, ದಾಖಲೆ ಕೈಸೇರಿದ ಮೂವತ್ತು ದಿನಗಳೊಳಗೆ ಕಂಪೆನಿ ಹಣ ಕೊಡಬೇಕು. ಇನ್ನೊಂದು ಲೋಕ ಅದಾಲತ್. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ. ಅದರ ಮೇಲೆ ಮೇಲ್ಮನವಿಯಿಲ್ಲ. ಕಂಪೆನಿ ಹೈಕೋರ್ಟಿಗೆ ಹೋಗಿ ಎಳೆಯುವ ಭಯವಿಲ್ಲ ಎನ್ನುವುದು ಅದರ ಲಾಭ. ಕಡಿಮೆಯಾಯಿತು ಎಂದು ಆಮೇಲೆ ನೀವೂ ಹೋಗಲಾಗದು ಎನ್ನುವುದು ಅದರ ಎಚ್ಚರಿಕೆ. ಆದ್ದರಿಂದ ಸಹಿಗೆ ಮೊದಲು ಕೇಳಿ: ಚಿಕಿತ್ಸೆ ಮುಗಿಯಿತೇ? ಮುಂದಿನ ಶಸ್ತ್ರಚಿಕಿತ್ಸೆಯ ಖರ್ಚು ಸೇರಿದೆಯೇ? ನ್ಯೂನತೆಯ ಪ್ರಮಾಣಪತ್ರ ಬಂದಿದೆಯೇ? ಹಣ ಯಾರ ಖಾತೆಗೆ, ಯಾವ ದಿನದೊಳಗೆ? ಓದಲು ಬಾರದವರಿಗೆ ಕಾಗದವನ್ನು ಅವರ ಭಾಷೆಯಲ್ಲಿ ಓದಿ ಹೇಳುವುದು ಜೊತೆಗೆ ಹೋದವರ ಅಮಾನತ್.

ಇಷ್ಟೆಲ್ಲ ನೋಡಿದ ಮೇಲೆ ನ್ಯಾಯವಾದ ಲೆಕ್ಕ ಹನ್ನೆರಡು ಲಕ್ಷವಿದ್ದು, ಈ ತಿಂಗಳು ಹತ್ತು ಲಕ್ಷ ಕೈಗೆ ಬರುವುದಾದರೆ, ಎರಡು ಲಕ್ಷಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದರಲ್ಲಿ ಏನು ಬರಕತ್ ಇದೆ? ಆ ಹಣದಲ್ಲಿ ಅವನು ಒಂದು ಸಣ್ಣ ಅಂಗಡಿ ಹಾಕಬಹುದು. ಮನಸ್ಸಿನಲ್ಲಿನ ಹಗೆಯೂ ಕರಗುತ್ತದೆ. ಅರವತ್ತು ಸಾವಿರಕ್ಕೆ ಸಹಿ ಹಾಕದಿರುವುದು ವಿವೇಕ. ಹತ್ತು ಲಕ್ಷಕ್ಕೆ ಸಹಿ ಹಾಕುವುದೂ ವಿವೇಕ.

ಎರಡನೆಯ ಖುತ್ಬಾದಿಂದ

ಸಹೋದರರೇ, ಹಣ ಬಂದ ಮೇಲೆ ಪರೀಕ್ಷೆ ಮುಗಿಯುವುದಿಲ್ಲ. ಆ ಹಣ ಗಾಯಾಳುವಿನದು, ಕುಟುಂಬದ ಸಾಮಾನ್ಯ ಜೇಬಲ್ಲ. ಗಾಯಗೊಂಡದ್ದು ಮಗುವಾದರೆ ಅದರ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕು, ಮೊತ್ತವನ್ನು ಸಾಮಾನ್ಯವಾಗಿ ಠೇವಣಿ ಇಡಿಸುತ್ತಾರೆ. ಅದನ್ನು ಬಿಡಿಸಿ ಮನೆ ಕಟ್ಟಲು ಹೊರಟವರು ಅಲ್ಲಾಹನ ಮುಂದೆ ಉತ್ತರ ಕೊಡಬೇಕಾದೀತು. ಆಸ್ಪತ್ರೆಗೆಂದು ಹೆಂಡತಿಯ ಬಳೆ ಮಾರಿದ್ದರೆ ಅದು ಸಾಲ. ಅವಳೇ ಮನಸಾರೆ ಬಿಟ್ಟುಕೊಡದ ಹೊರತು ಮೊದಲು ಅದನ್ನು ತೀರಿಸಿ. ಕೈಸಾಲ ಕೊಟ್ಟ ನೆರೆಯವರನ್ನು ನೆನೆಯಿರಿ. ಮೊತ್ತದಲ್ಲಿ ಬಡ್ಡಿ ಎಂದು ಬೇರೆ ಬರೆದಿದ್ದರೆ, ಆ ಭಾಗವನ್ನು ಏನು ಮಾಡಬೇಕೆಂದು ನೀವು ನಂಬುವ ಆಲಿಮರಲ್ಲಿ ಕಾಗದ ತೋರಿಸಿ ಕೇಳಿ.

ಲಾರಿ, ಟ್ಯಾಕ್ಸಿ ಇಟ್ಟುಕೊಂಡ ಸಹೋದರರೇ, ವಿಮೆಯ ದಿನಾಂಕ ದಾಟಲು ಬಿಡಬೇಡಿ, ಲೈಸೆನ್ಸ್ ಇಲ್ಲದವನ ಕೈಗೆ ಕೀಲಿ ಕೊಡಬೇಡಿ, ನಿದ್ದೆಗೆಟ್ಟ ಚಾಲಕನನ್ನು ಮತ್ತೊಂದು ಟ್ರಿಪ್ಪಿಗೆ ಅಟ್ಟಬೇಡಿ. ಅಪಘಾತವಾದರೆ ಓಡಿಹೋಗಬೇಡಿ. ಗಾಯಾಳುವನ್ನು ನೋಡಲು ಹೋಗಿ. ಛಾಪಾ ಕಾಗದ ಹಿಡಿದುಕೊಂಡಲ್ಲ, ಹಣ್ಣು ಹಿಡಿದುಕೊಂಡು ಹೋಗಿ.

ಜಮಾಅತ್‌ನ ಹಿರಿಯರಲ್ಲಿ ಒಂದು ವಿನಂತಿ. ರಾಜಿ ಮಾಡಿಸುವುದು ದೊಡ್ಡ ಪುಣ್ಯ. ಆದರೆ ಬೇಗ ಮುಗಿಸುವುದೇ ರಾಜಿಯಲ್ಲ. ಕಾಗದಪತ್ರ ಬಲ್ಲ ಇಬ್ಬರು ಯುವಕರನ್ನು ಗೊತ್ತುಮಾಡಿ, ಅಪಘಾತವಾದ ಮನೆಗೆ ಮೊದಲ ವಾರದಲ್ಲೇ ಅವರು ಹೋಗಲಿ. ದೂರು, ಬಿಲ್ಲು, ಅರ್ಜಿಯ ದಿನಾಂಕ, ಇಷ್ಟನ್ನು ಅವರು ನೋಡಿಕೊಂಡರೆ ಎಷ್ಟೋ ಮನೆಗಳು ಉಳಿಯುತ್ತವೆ.

ಯಾ ಅಲ್ಲಾಹ್, ರಸ್ತೆಯಲ್ಲಿ ಗಾಯಗೊಂಡು ಮಲಗಿರುವ ನಮ್ಮೆಲ್ಲ ಬಂಧುಗಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಪೂರ್ಣ ಗುಣವನ್ನು ಕೊಡು. ನಮ್ಮ ನಾಲಗೆಯನ್ನು ಸುಳ್ಳು ಸಾಕ್ಷ್ಯದಿಂದ, ನಮ್ಮ ಹೊಟ್ಟೆಯನ್ನು ಹರಾಮಿನಿಂದ ಕಾಪಾಡು. ಹಕ್ಕನ್ನು ಕೇಳುವಾಗ ಧೈರ್ಯವನ್ನೂ, ಬಿಟ್ಟುಕೊಡುವಾಗ ವಿಶಾಲವಾದ ಹೃದಯವನ್ನೂ ನಮಗೆ ಕರುಣಿಸು. ಮನೆಯಿಂದ ಹೊರಟ ಪ್ರತಿಯೊಬ್ಬರನ್ನೂ ಸುರಕ್ಷಿತವಾಗಿ ಮನೆಗೆ ಮರಳಿಸು. ಆಮೀನ್.